ಉತ್ತರ ಹೇಳುವವರ ಹೆಸರು

ಭೂಪಟವನ್ನು ತೆಗೆದುಹಾಕಿದ ದಿನ ಕೃಷ್ಣಪ್ರಸಾದ್ ಸರ್ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ನಮ್ಮದು ಚೆನ್ನೈನ ಗಿಂಡಿ ಬಡಾವಣೆಯಲ್ಲಿರುವ ಸಣ್ಣ ಕಂಪನಿ. ಅಂಗಡಿ, ಕ್ಲಿನಿಕ್, ಲಾರಿ ಆಫೀಸುಗಳ ಕಂಪ್ಯೂಟರುಗಳಿಗೆ ಹೊರಗಿನಿಂದ ಯಾರಾದರೂ ನುಗ್ಗುತ್ತಿದ್ದಾರೆಯೇ ಎಂದು ಕಾಯುವುದು ನಮ್ಮ ಕೆಲಸ. ಕಾಯುವುದು ಯಂತ್ರ. ಅದು ಕಂಡದ್ದನ್ನು ಮನುಷ್ಯರಿಗೆ ತೋರಿಸುವ ಪರದೆ ನನ್ನ ಪಾಲಿನದು. ಹಳೆಯ ಪರದೆಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಇಡೀ ಪ್ರಪಂಚದ ಭೂಪಟವಿತ್ತು. ಎಲ್ಲೆಲ್ಲಿಂದಲೋ ಕೆಂಪು ಗೆರೆಗಳು ಹಾರಿಬಂದು ಚೆನ್ನೈ ಮೇಲೆ ಬೀಳುತ್ತಿದ್ದವು. ಪಕ್ಕದಲ್ಲಿ ಎಚ್ಚರಿಕೆಗಳ ಸಾಲು, ಬಲ್ಲವರಿಗೂ ಓದಿ ಮುಗಿಸಲು ಪುರುಸೊತ್ತು ಸಾಲದಷ್ಟು ಉದ್ದ. ಎಲ್ಲವೂ ಕೆಂಪು, ಎಲ್ಲವೂ ತುರ್ತು.

"ಗಿರಾಕಿಗೆ ಇಷ್ಟ ಆಗೋದೇ ಆ ಮ್ಯಾಪ್ ಕಣಮ್ಮ," ಎಂದರು ಸರ್. ಅವರು ಮೈಸೂರಿನವರು. ಸಿಟ್ಟು ಬಂದಾಗ ಮಾತ್ರ ನನ್ನ ಜೊತೆ ಕನ್ನಡ ಆಡುತ್ತಾರೆ. "ಅದನ್ನೇ ಕಿತ್ತಾಕಿದ್ರೆ ತೋರ್ಸೋದೇನು, ನಿನ್ನ ತಲೇನಾ?"

"ಮ್ಯಾಪ್ ನೋಡಿದವರು ಏನು ಮಾಡ್ಬೇಕು ಸರ್?"

"ಹೆದರ್ಬೇಕು."

ಅವರು ತಮಾಷೆಗೆ ಹೇಳಿದ್ದಲ್ಲ.

ಹೆದರಿಕೆಯ ವಿಷಯದಲ್ಲಿ ನನಗೆ ಅವರಿಗಿಂತ ಅನುಭವ ಹೆಚ್ಚು. ಬಸ್ ಸ್ಟಾಪಿನವರೆಗೆ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸ್ ಓಡುವವಳು ನಾನು. ಹಗಲು ಸೌಕಾರ್‌ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಕಲಿತವಳು. ಆಫೀಸಿನಲ್ಲಿ ಬಾಯಿ ತೆರೆಯುವ ಮೊದಲು ಆಡಬೇಕಾದ ಮಾತನ್ನು ಒಳಗೇ ಒಮ್ಮೆ ಹೇಳಿ ನೋಡುತ್ತೇನೆ. ಹೀಗಿದ್ದರಿಂದಲೇ ಒಂದು ಸಂಗತಿ ನನಗೆ ಸಂಶಯವಿಲ್ಲದೆ ಗೊತ್ತಿತ್ತು. ಹೆದರಿದವರಿಗೆ ಇನ್ನಷ್ಟು ಹೆದರಿಕೆ ಬೇಕಿಲ್ಲ. ಈಗ ಏನು ಮಾಡಬೇಕು ಎಂಬ ಒಂದು ಮಾತು ಬೇಕು.

ಹೊಸ ಪರದೆಯಲ್ಲಿ ನಾನು ಇಟ್ಟದ್ದು ಅಷ್ಟೇ. ಏನೂ ಇಲ್ಲದಾಗ ಬಿಳಿ ಪರದೆ, 'ಎಲ್ಲ ಸರಿಯಾಗಿದೆ' ಎಂಬ ಸಾಲು. ಏನಾದರೂ ಆದಾಗ ಒಂದೇ ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ: ಯಾವ ಕಂಪ್ಯೂಟರು, ಏನಾಗುತ್ತಿದೆ, ಈಗ ಏನು ಮಾಡಬೇಕು. ಕೆಳಗೆ ಒಂದು ಬಟನ್, ಒತ್ತಿದರೆ ಆ ಕಂಪ್ಯೂಟರು ಉಳಿದವುಗಳಿಂದ ಬೇರ್ಪಟ್ಟು ಅದರ ಕೆಲಸ ನಿಲ್ಲುತ್ತದೆ. ಸಣ್ಣಪುಟ್ಟದ್ದೆಲ್ಲ ನಮ್ಮ ಆಫೀಸಿನವರ ಪಾಲಿಗೆ, ಅವರು ನೋಡಿಕೊಳ್ಳಲಿ. ತಮಿಳು, ಇಂಗ್ಲಿಷ್, ಕನ್ನಡ, ಯಾವುದು ಬೇಕೋ ಆ ಭಾಷೆಯಲ್ಲಿ.

"ಇದೇನು ಆಸ್ಪತ್ರೆ ಗೋಡೆ ಥರ ಇದೆ," ಎಂದು ಸರ್ ಡಬ್ಬಿ ತೆಗೆದುಕೊಂಡು ಬೇರೆ ಮೇಜಿಗೆ ಹೋದರು.

ಈ ಪರದೆಯನ್ನು ಮೊದಲು ಹಾಕಬೇಕಾಗಿದ್ದದ್ದು ಟಿ. ನಗರದ ದೊಡ್ಡಬಸಪ್ಪನವರ ಜವಳಿ ಅಂಗಡಿಯಲ್ಲಿ. ಅವರ ಅಜ್ಜ ಇಳಕಲ್ಲಿನಿಂದ ಸೀರೆ ಹೊತ್ತು ತಂದು ಇಲ್ಲಿ ನೆಲೆ ನಿಂತವರು. ಈಗ ಮೂರು ಮಹಡಿ, ಎರಡನೆಯದರಲ್ಲಿ ಬರೀ ಮದುವೆ ರೇಷ್ಮೆ. ನನ್ನ ಅಪ್ಪನಿಗೆ ಅವರ ಪರಿಚಯವಿತ್ತು. ನಾವೂ ಅವರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಹಾಗಾಗಿ ನಾನು ಅವರನ್ನು ಕಾಕಾ ಎನ್ನಬೇಕು, ಅವರು ನನ್ನನ್ನು ತಂಗಿ ಎನ್ನುತ್ತಾರೆ, ನಾನು ಎದುರು ಮಾತಾಡುವ ಹಾಗಿಲ್ಲ.

ಹೋದ ಆಡಿ ತಿಂಗಳ, ಅಂದರೆ ಆಷಾಢದ, ರಿಯಾಯಿತಿ ಮಾರಾಟದಲ್ಲಿ ಆ ಅಂಗಡಿಗೆ ಪೆಟ್ಟು ಬಿದ್ದಿತ್ತು. ಯಾರೋ ಒಳಗೆ ನುಗ್ಗಿ ಬಿಲ್ಲಿಂಗ್ ಕಂಪ್ಯೂಟರುಗಳಿಗೆಲ್ಲ ಬೀಗ ಹಾಕಿಬಿಟ್ಟಿದ್ದರು. ನಮ್ಮ ಯಂತ್ರ ಅದನ್ನು ಸರಿಯಾದ ಹೊತ್ತಿಗೇ ಕಂಡಿತ್ತು. ಎಚ್ಚರಿಕೆ ಹೋಗಿದ್ದು ದೊಡ್ಡಬಸಪ್ಪನವರ ಫೋನಿಗೆ. ಅವರು ಆಗ ಮೇಲಿನ ಕೋಣೆಯಲ್ಲಿ ಸಂಜೆಯ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟರೆಂದರೆ ಮುಗಿಯಿತು, ಆ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಕೆಳಗೆ ಭೂಪಟದ ತುಂಬ ಕೆಂಪು ಬಾಣಗಳು ಹಾರುತ್ತಿದ್ದವು. ದಿನಾ ಹಾರುವಂಥವೇ. ಪೂಜೆ ಮುಗಿಸಿ ಅವರು ಇಳಿದು ಬರುವಷ್ಟರಲ್ಲಿ ಒಂದು ಕಂಪ್ಯೂಟರಿನಲ್ಲಿದ್ದದ್ದು ಎಲ್ಲದಕ್ಕೂ ಹಬ್ಬಿತ್ತು.

ಅದಕ್ಕೇ ನಾನು ಬಟನ್ನನ್ನು ಯಜಮಾನರ ಫೋನಿನಲ್ಲಿ ಇಡಲಿಲ್ಲ. ಕೌಂಟರಿನಲ್ಲಿಟ್ಟೆ, ಪಾವನಾಳ ಕೈಗೆ.

ಪಾವನಾ ಬಿಲ್ಲಿಂಗ್ ನೋಡಿಕೊಳ್ಳುವವಳು, ಚಾಮರಾಜನಗರದ ಕಡೆಯವಳು. ಗಂಡನ ಕೆಲಸ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ. ಮೊದಲ ದಿನ ನಾನು ಪರದೆಯನ್ನು ಕನ್ನಡಕ್ಕೆ ಬದಲಾಯಿಸಿ ತೋರಿಸಿದಾಗ ಅವಳು ಜೋರಾಗಿ ನಕ್ಕಳು.

"ನಮ್ಮನೇಲಿ ನಾನು ಕನ್ನಡ್ದಲ್ಲಿ ಬಯ್ದ್ರೆ ಮಗ್ಳು ತಮಿಳಲ್ಲಿ ತಿರುಗ್ಸಿ ಕೊಡ್ತಾಳೆ ಕಣಕ್ಕ. ಇದಾದ್ರೂ ನೆಟ್ಟಗೆ ಕನ್ನಡ ಮಾತಾಡುತ್ತಲ್ಲ, ಬುಡಿ."

ಅದೇ ದಿನ ಆ ಅಂಗಡಿಯ ಗಂಟೆಯನ್ನೂ ಕಂಡೆ. ಪ್ರತಿ ಮಹಡಿಯ ಮೆಟ್ಟಿಲ ಬಳಿ ಒಂದೊಂದು ಹಗ್ಗ ಇಳಿಬಿದ್ದಿದೆ. ಎಳೆದರೆ ಬಾಗಿಲ ಮೇಲಿನ ಹಿತ್ತಾಳೆ ಗಂಟೆ ಬಡಿದುಕೊಳ್ಳುತ್ತದೆ, ಕಾವಲುಗಾರ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಯಾರಾದರೂ ಸೀರೆ ಕದ್ದರೆಂದು ಅನುಮಾನ ಬಂದಾಗ ಎಳೆಯುವುದಕ್ಕೆ. ನಾನು ಅಲ್ಲಿದ್ದಾಗಲೇ ಸೀರೆ ತೋರಿಸುವ ಹುಡುಗಿಯೊಬ್ಬಳು ಅದನ್ನು ಎಳೆದಳು. ನೋಡಿದರೆ ಆ ಗಿರಾಕಿಯ ಚೀಲದಲ್ಲಿದ್ದದ್ದು ಪಾಂಡಿ ಬಜಾರಿನ ಬೇರೆ ಅಂಗಡಿಯ ಸೀರೆ, ಬಿಲ್ಲಿನ ಸಮೇತ. ಆಯಮ್ಮ ತಮಿಳಿನಲ್ಲಿ ಅಂಗಡಿಯ ವಂಶವನ್ನೆಲ್ಲ ಜಾಲಾಡಿದರು. ದೊಡ್ಡಬಸಪ್ಪನವರೇ ಹೋಗಿ ಕೈಮುಗಿದರು, ಕುರ್ಚಿ ಹಾಕಿಸಿದರು, ಪನ್ನೀರ್ ಸೋಡಾ ತರಿಸಿಕೊಟ್ಟರು, ಆಟೋ ಹತ್ತಿಸಿ ಬಂದರು. ಹಗ್ಗ ಎಳೆದ ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ.

"ಬಯ್ಯಲ್ವಾ?" ಎಂದು ಪಾವನಾಳನ್ನು ಕೇಳಿದೆ.

"ಹಗ್ಗ ಎಳ್ದವ್ರನ್ನ ಇಲ್ಲಿ ಯಾರೂ ಕೇಳಂಗಿಲ್ಲ ಅಕ್ಕ. ಯಜಮಾನ್ರ ಅಪ್ಪನ ಕಾಲದಿಂದ ಹಂಗೇ. ಒಂದ್ಸಲ ಕೇಳಿದ್ರೆ ಮುಂದ್ಕೆ ಯಾರೂ ಎಳೆಯಲ್ಲ ಅಂತಿದ್ರಂತೆ."

ನಾನು ಗಿಂಡಿಗೆ ವಾಪಸಾಗಿ ಬಟನ್ ಒತ್ತಿದಾಗ ಬರುತ್ತಿದ್ದ 'ಖಚಿತವೇ?' ಎಂಬ ಪ್ರಶ್ನೆಯನ್ನು ಅಳಿಸಿಹಾಕಿದೆ.

ಮುಗಿದ ಪರದೆಯನ್ನು ತೋರಿಸಿದ ದಿನ ದೊಡ್ಡಬಸಪ್ಪನವರು ಗಾದಿಯ ಮೇಲೆ ಕೂತು ಸಾವಧಾನವಾಗಿ ನೋಡಿದರು. "ಚೊಲೋ ಐತಿ. ಅಕ್ಷರ ದೊಡ್ಡವು ಅದಾವು, ಕನ್ನಡಕ ಬೇಕಿಲ್ಲ," ಎಂದರು. ಆಮೇಲೆ ಬೆರಳನ್ನು ಬಟನ್ನಿನ ಮೇಲೆ ಇಟ್ಟರು. "ಆದ್ರ ಇದನ್ನ ಒತ್ತೂಕಿಂತ ಮೊದಲ ನನ್ನ ಕೇಳಬೇಕು. ನಾ ಹೂಂ ಅಂದ ಮ್ಯಾಲ ಒತ್ತಬೇಕು. ನನ್ನ ಅಂಗಡಿ ನಿಂತ್ರ ನನಗ ಗೊತ್ತಿರಬೇಕಿಲ್ಲೋ?"

"ಆಯ್ತು ಸಾರ್, ಮಾಡಿಕೊಡ್ತೀವಿ," ಎಂದರು ಪಕ್ಕದಲ್ಲಿದ್ದ ಕೃಷ್ಣಪ್ರಸಾದ್ ಸರ್.

ಮಾತನ್ನು ಒಳಗೇ ಹೇಳಿ ನೋಡಿದೆ. ಚೆನ್ನಾಗಿ ಕೇಳಿಸಲಿಲ್ಲ, ಆದರೂ ಆಡಿದೆ. "ನೀವು ಪೂಜಾದಾಗ ಇದ್ರ ಕಾಕಾ?"

"ಪೂಜಿ ಮುಗದ ಮ್ಯಾಲ."

"ಹೋದ ಸಲನೂ ಪೂಜಿ ಮುಗದ ಮ್ಯಾಲೇ ಆತಲ್ರಿ."

ದೊಡ್ಡಬಸಪ್ಪನವರು ನನ್ನನ್ನು ನೋಡಿ ನಕ್ಕರು, ಚಿಕ್ಕ ಮಕ್ಕಳು ಗಾದೆ ಹೇಳಿದಾಗ ನಗುವಂತೆ. "ಬಾಯಿ ಬಂದೈತಿ ನಿನಗ. ನಿಮ್ಮಪ್ಪ ನನ್ನ ಮುಂದ ಕೂಡತಿರಲಿಲ್ಲ."

ಕಾರಿನಲ್ಲಿ ಸರ್ ಹೇಳಿದರು, "ಆ ಒಪ್ಪಿಗೆ ಇದೆಯಲ್ಲ, ಅದನ್ನ ಸೇರ್ಸಿಬಿಡು."

"ಸೇರಿಸಲ್ಲ ಸರ್."

"ಏನಂದೆ?"

"ಸೇರಿಸಿದ್ರೆ ಹಳೇ ಪರದೆಗೆ ಬಿಳಿ ಬಣ್ಣ ಬಳಿದ ಹಾಗೆ. ಬೇರೆ ಯಾರ ಹತ್ರನಾದ್ರೂ ಮಾಡಿಸಿ. ನಾನು ಮಾಡಲ್ಲ."

ಮಾಡಿಸಬಹುದಿತ್ತು. ಬೇರೆ ಕೆಲಸದ ಒತ್ತಡದಲ್ಲಿ ಅವರು ಮಾಡಿಸಲಿಲ್ಲ. ಪರದೆ ನಾನು ಇಟ್ಟ ಹಾಗೆಯೇ ಅಂಗಡಿಯಲ್ಲಿ ಉರಿಯತೊಡಗಿತು. ನಾನು ದಿನಾ ಬೆಳಗ್ಗೆ ಎದ್ದ ತಕ್ಷಣ ಫೋನ್ ನೋಡುತ್ತಿದ್ದೆ. 'ಎಲ್ಲ ಸರಿಯಾಗಿದೆ' ಎಂದಿದ್ದರೆ, ಸರಿಯಿಲ್ಲದ್ದನ್ನು ಅದು ಕಾಣದೇ ಹೋಯಿತೇನೋ ಎಂದು ಚಿಂತೆ.

ಎಚ್ಚರಿಕೆ ಬಂದದ್ದು ಮುಹೂರ್ತಗಳು ಒತ್ತೊತ್ತಾಗಿದ್ದ ಒಂದು ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ.

'ಎರಡನೇ ಮಹಡಿಯ ಮುಖ್ಯ ಬಿಲ್ಲಿಂಗ್ ಕಂಪ್ಯೂಟರನ್ನು ಹೊರಗಿನಿಂದ ಯಾರೋ ನಡೆಸುತ್ತಿದ್ದಾರೆ. ಈಗಲೇ ಬೇರ್ಪಡಿಸಿ.'

ನನ್ನ ಪರದೆಯಲ್ಲೂ ಅದೇ ಸಾಲು ಮೂಡಿತು. ನಾನು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಸಾಲು: 'ಬೇರ್ಪಡಿಸಲಾಗಿದೆ.' ಪಾವನಾ ಒತ್ತಿದ್ದಳು. ಯಾರನ್ನೂ ಕೇಳದೆ, ಕೂಡಲೇ. ನನಗೆ ಎದ್ದು ನಿಂತು ಕೂಗಬೇಕೆನ್ನಿಸಿತು. ಒಂದು ವರ್ಷ ನಾನು ಯೋಚಿಸಿದ್ದು, ಬರೆದು ಅಳಿಸಿದ್ದು, ಎಲ್ಲವೂ ಆ ಒಂದು ಸಾಲಿನಲ್ಲಿತ್ತು.

ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಬಂದವನು ಯಾರೆಂದು ಹುಡುಕುತ್ತ ಹೋದರೆ ಕೊನೆಗೆ ಸಿಕ್ಕಿದ್ದು ಅಂಗಡಿಯ ಪ್ರಿಂಟರು ರಿಪೇರಿ ಮಾಡುವವನು. ಬೆಲೆಚೀಟಿ ಅಚ್ಚು ಹಾಕುವ ಪ್ರಿಂಟರು ಬೆಳಗ್ಗೆಯಿಂದ ತಕರಾರು ಮಾಡುತ್ತಿತ್ತಂತೆ. ಟಿ. ನಗರದ ಶುಕ್ರವಾರದ ಜನಜಂಗುಳಿಯಲ್ಲಿ ಗಾಡಿ ನುಗ್ಗಿಸಲಾರದೆ, ಅವನು ಯಾರಿಗೂ ಹೇಳದೆ ತನ್ನ ಮನೆಯಿಂದಲೇ ಅಂಗಡಿಯ ಕಂಪ್ಯೂಟರಿನೊಳಗೆ ಬಂದಿದ್ದ. ಕಳ್ಳನಲ್ಲ.

ನಾನು ಮೆಟ್ರೋ ಇಳಿದು ಅಂಗಡಿ ಸೇರಿದಾಗ ಎರಡನೇ ಮಹಡಿ ಖಾಲಿಯಾಗಿತ್ತು. ಬಿಚ್ಚಿಹಾಕಿದ ರೇಷ್ಮೆ ಸೀರೆಗಳು ಹಾಸಿನ ಮೇಲೆ ಹಾಗೆಯೇ ಬಿದ್ದಿದ್ದವು. ಮದುವೆಯವರ ಒಂದು ದೊಡ್ಡ ಗುಂಪು ಎಲ್ಲ ಆರಿಸಿ ಮುಗಿಸಿ, ಬಿಲ್ಲಿಗೆ ಕಾದು ಬೇಸತ್ತು, ಎದುರಿನ ಅಂಗಡಿಗೆ ಹೋಗಿಬಿಟ್ಟಿತ್ತು. ಕೃಷ್ಣಪ್ರಸಾದ್ ಸರ್ ನನಗಿಂತ ಮೊದಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಪಾವನಾ ಕೌಂಟರಿನ ಹಿಂದೆ ಇದ್ದಳು. ದೊಡ್ಡಬಸಪ್ಪನವರ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

"ಬಾರವಾ ತಂಗಿ, ಬಾ. ಪ್ರಿಂಟರ್ ರಿಪೇರಿ ಮಾಡಾಂವಗ ಹೆದರಿ ನನ್ನ ಅಂಗಡಿ ಬಂದ್ ಮಾಡ್ಸಿದಿ. ಶಾಣ್ಯಾಕಿ ನೀನು."

"ಅದು ಅವನೇ ಅಂತ ಯಂತ್ರಕ್ಕ ಗೊತ್ತಾಗೂದಿಲ್ರಿ ಕಾಕಾ. ಹಿಂದಿನ ಬಾಗಿಲದಿಂದ ಹೇಳದ ಕೇಳದ ಬಂದಾನ."

"ಯಂತ್ರಕ್ಕ ಗೊತ್ತಾಗೂದಿಲ್ಲ, ಆತು. ಈಕೀಗೆ?" ಅವರು ಪಾವನಾಳ ಕಡೆ ತಿರುಗಲಿಲ್ಲ, ಗದ್ದವನ್ನಷ್ಟೇ ಆಡಿಸಿದರು. "ಪ್ರಿಂಟರ್ ಕೆಟ್ಟೈತಿ ಅಂತ ಈಕೀಗೆ ಗೊತ್ತಿತ್ತಿಲ್ಲೋ? ಒಂದು ಮಾತು ಕೇಳೂದು ಬ್ಯಾಡಾ?"

"ಯಾರ್ನ ಕೇಳ್ಲಿ ಯಜಮಾನ್ರೇ? ನೀವು ಪೂಜೇಲಿದ್ರಿ," ಎಂದಳು ಪಾವನಾ.

"ಕಾಯಬೇಕಿತ್ತು."

"ಆಡಿ ತಿಂಗ್ಳಲ್ಲಿ ಕಾದಿದ್ದೆ. ಆವತ್ತೂ ನನ್ನೇ ಬೈದ್ರಿ."

"ನೋಡಿದಿರೇನ್ರಿ?" ದೊಡ್ಡಬಸಪ್ಪನವರು ಸರ್ ಕಡೆ ನೋಡಿದರು. "ಈಗ ಒಂದ ಕೆಲಸ ಮಾಡ್ರಿ. ನಾ ಹೇಳಿದ್ದ ಒಪ್ಪಿಗಿ ಅದರೊಳಗ ಹಾಕ್ರಿ. ಪಾವನಮ್ಮಾ, ನಾಳಿಯಿಂದ ನೀ ಬರೂದು ಬ್ಯಾಡ."

"ಒಪ್ಪಿಗೆ ನಾಳೆನೇ ಹಾಕಿಸ್ತೀನಿ ಸಾರ್. ಬಿಂದು, ಸಾರಿ ಕೇಳು," ಎಂದರು ಸರ್.

ಪಾವನಾ ಕೌಂಟರ್ ಬಿಟ್ಟು ಸರಿಯಲಿಲ್ಲ. "ಬರ್ಬೇಡ ಅಂದ್ರೆ ಬರಲ್ಲ ಯಜಮಾನ್ರೇ. ಬಂದ್ರೆ ಮಾತ್ರ, ಇದು ಇನ್ನೊಂದ್ಸಲ ಹಿಂಗೇ ಹೇಳಿದ್ರೆ ಇನ್ನೊಂದ್ಸಲ ಒತ್ತುತೀನಿ. ಸುಳ್ಳು ಹೇಳಿ ಕೆಲ್ಸ ಉಳ್ಸ್ಕಳಲ್ಲ."

ಅವಳು ಹಾಗೆ ನಿಂತಿರುವಾಗ ನಾನು ಸಾರಿ ಕೇಳಿದರೆ, ಇನ್ನು ಮುಂದೆ ಯಾವ ಅಂಗಡಿಯ ಯಾವ ಕೌಂಟರಿನಲ್ಲೂ ಯಾರಿಗೂ 'ಈಗಲೇ' ಎಂದು ಬರೆಯುವ ಹಕ್ಕು ನನಗಿರುವುದಿಲ್ಲ ಎನ್ನಿಸಿತು. ಈ ಸಲ ಮಾತನ್ನು ಒಳಗೆ ಹೇಳಿ ನೋಡಲು ಪುರುಸೊತ್ತಾಗಲಿಲ್ಲ.

"ಸಾರಿ ಕೇಳಂಗಿಲ್ರಿ. ಆಕಿ ಮಾಡಿದ್ದು ಸರಿ ಐತಿ. ಒತ್ತು ಅಂತ ಪರದೆ ಹೇಳ್ತು, ಆಕಿ ಒತ್ತಿದಳು. ತಪ್ಪಿದ್ರ ಪರದೇದು, ಪರದೆ ನಂದು. ಕಾಕಾ, ಅವತ್ತು ಗಂಟಿ ಹಗ್ಗ ಎಳದ ಹುಡುಗಿ ಇನ್ನೂ ಕೆಲಸದಾಗ ಅದಾಳಿಲ್ಲೋ?"

ಅವರ ಮುಖ ಬಿಗಿಯಿತು. ನಾನು ಎಲ್ಲಿಗೆ ಹೊರಟಿದ್ದೇನೆಂದು ಅವರಿಗೆ ಆಗಲೇ ತಿಳಿದುಹೋಗಿತ್ತು.

"ಅದು ಬ್ಯಾರೆ."

"ಹ್ಯಾಂಗ ಬ್ಯಾರೆ?"

"ಆ ಗಂಟಿ ನಮ್ಮಪ್ಪ ಕಟ್ಟಿದ್ದು. ಇದನ್ನ ಕಟ್ಟಿದಾಕಿ ನೀನು."

"ಹೌದ್ರಿ. ಕಟ್ಟಿದಾಕಿ ನಾನ," ಎಂದೆ. "ಬಿಚ್ಚಂಗಿಲ್ಲ."

ಕೆಳಗಿನ ಮಹಡಿಯಲ್ಲಿ ಯಾರೋ ಗೊಳ್ಳೆಂದು ನಗುತ್ತಿದ್ದರು, ಸೀರೆ ಕೊಳ್ಳಲು ಬಂದ ಬೇರೆ ಯಾರದೋ ಸಂಭ್ರಮ. ದೊಡ್ಡಬಸಪ್ಪನವರು ಹಾಸಿನ ಮೇಲೆ ಬಿದ್ದಿದ್ದ ಒಂದು ಅರಿಶಿನ ಬಣ್ಣದ ಸೀರೆಯನ್ನು ತಾವೇ ಎತ್ತಿಕೊಂಡು ಮಡಚತೊಡಗಿದರು. ಅವರು ಮಡಚುವುದನ್ನು ನಾನು ನೋಡಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ಮುಗಿಸಿ, "ಹೋಗ್ರಿ ಎಲ್ಲಾರೂ. ನಾಳೆ ಹೇಳ್ತೀನಿ," ಎಂದರು.

ಮರುದಿನ ಬೆಳಗ್ಗೆ ಬೇಗನೆ ಆಫೀಸಿಗೆ ಹೋದೆ. ಮೊದಲು ರಿಪೇರಿಯವನ ವಿಷಯ ಸರಿಪಡಿಸಿದೆ: ಹೊರಗಿನಿಂದ ಯಾರಾದರೂ ದುರಸ್ತಿಗೆ ಬರುವುದಿದ್ದರೆ ಮೊದಲೇ ಕೌಂಟರಿಗೆ ತಿಳಿಸಿ ಬರಬೇಕು, ಆಗ ಪರದೆ ಗಲಾಟೆ ಮಾಡುವುದಿಲ್ಲ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಎಷ್ಟೇ ಹೊಳೆದರೂ ಇನ್ನೊಂದು ತಪ್ಪು ಎಚ್ಚರಿಕೆ ಬಂದೇ ಬರುತ್ತದೆ. ಹಾಗಾಗಿ ಬಟನ್ನಿನ ಕೆಳಗೆ ಇನ್ನೆರಡು ಸಾಲು ಬರೆದೆ.

'ಒತ್ತಿದವರನ್ನು ಯಾರೂ ಕೇಳುವಂತಿಲ್ಲ. ಉತ್ತರ ಹೇಳುವವರು: ಬಿಂದು.' ಪಕ್ಕದಲ್ಲಿ ನನ್ನ ಫೋನ್ ನಂಬರು.

ಕಳಿಸುವ ಮೊದಲು ಮನೆಯ ಗ್ಯಾಸ್ ಒಲೆ ನೆನಪಾಯಿತು. ಕಳಿಸಿದೆ.

ಕೃಷ್ಣಪ್ರಸಾದ್ ಸರ್ ಬಂದು ನೋಡಿ ಬ್ಯಾಗನ್ನು ಕೆಳಗಿಡುವುದನ್ನೇ ಮರೆತರು. "ಯಾರನ್ನ ಕೇಳಿ ಹಾಕ್ದೆ ಇದನ್ನ? ನಿನ್ನ ಹೆಸರು, ನಿನ್ನ ನಂಬರು! ಕಂಪನಿ ಏನು ನಿಮ್ಮನೇದಾ?"

"ಅಲ್ಲ ಸರ್. ಬೇಡ ಅಂದ್ರೆ ನೀವು ತೆಗೀರಿ. ನಾನು ತೆಗೆಯಲ್ಲ. ಒಪ್ಪಿಗೇನೂ ಹಾಕಲ್ಲ. ಕೆಲಸ ಬಿಡು ಅಂದ್ರೆ ಬಿಡ್ತೀನಿ. ಅವಳು ಬಿಡೋಕೆ ರೆಡಿ ಇದ್ಲಲ್ಲ."

ಅವರು ನನ್ನ ಕಂಪ್ಯೂಟರಿನ ಮುಂದೆ ಬಗ್ಗಿದರು. ಮೌಸ್ ಮೇಲೆ ಕೈಯಿಟ್ಟರು. ಅದನ್ನು ತೆಗೆಯಲು ಎರಡು ನಿಮಿಷ ಸಾಕು, ಅವರಿಗೆ ಬರುವ ಕೆಲಸವೇ. ಅಷ್ಟರಲ್ಲಿ ನನ್ನ ಫೋನ್ ಅದುರತೊಡಗಿತು. ಹೆಸರು ನೋಡಿ ನಾನು ಸ್ಪೀಕರಿಗೆ ಹಾಕಿದೆ.

"ಏನಿದು ತಂಗಿ?" ದೊಡ್ಡಬಸಪ್ಪನವರ ದನಿಯ ಹಿಂದೆ ಅಂಗಡಿ ತೆರೆಯುವ ಗದ್ದಲವಿತ್ತು. ಶಟರ್ ಎತ್ತುವುದು, ಕಸ ಗುಡಿಸುವುದು, ಯಾರೋ ಊದುಬತ್ತಿ ಎಲ್ಲಿ ಎಂದು ತಮಿಳಿನಲ್ಲಿ ಕೇಳುವುದು. "ನನ್ನ ಅಂಗಡಿಯಾಗ ಉತ್ತರ ಹೇಳಾಕ ನೀ ಯಾರು? ನನ್ನ ಕೌಂಟರಿನ ಮ್ಯಾಲೆ ನಿನ್ನ ಹೆಸರು! ನೋಡಿದ ಗಿರಾಕಿ ಏನಂದಾರು, ಈ ಅಂಗಡಿಗೆ ಯಜಮಾನ ಇಲ್ಲಂತ? ತಗಿ ಅದನ್ನ."

"ತಗಿಯಂಗಿಲ್ರಿ ಕಾಕಾ. ಆ ಸಾಲು ಖಾಲಿ ಇರಾಕ ಬರಂಗಿಲ್ಲ. ಯಾರರೆ ಒಬ್ರು ಉತ್ತರ ಹೇಳಾಕ ಬೇಕು. ನನ್ನ ಹೆಸರು ಬ್ಯಾಡಂದ್ರ ನಿಮ್ಮ ಹೆಸರು ಹಾಕ್ತೀನಿ."

ಸರ್ ಕಣ್ಣು ಮುಚ್ಚಿಕೊಂಡರು.

ಆ ಕಡೆಯಿಂದ ಬರೀ ಪೊರಕೆಯ ಸದ್ದು. ಆಮೇಲೆ ಅವರು ಫೋನನ್ನು ಬಾಯಿಯಿಂದ ದೂರ ಹಿಡಿದು ಯಾರನ್ನೋ ಗದರಿದರು, "ಅಲ್ಲೇನ್ ನಿಂತು ನೋಡ್ತಿ ಪಾವನಮ್ಮಾ, ಕಂಪ್ಯೂಟರ್ ಚಾಲೂ ಮಾಡು. ಮುಹೂರ್ತದ ದಿನ, ಗಿರಾಕಿ ಬರೂ ಹೊತ್ತು."

ಪಾವನಾ ಏನೋ ಅಂದಳು. ಕೇಳಿಸಲಿಲ್ಲ.

"ಹಾಕು," ಎಂದರು ಅವರು ನನಗೆ. "ನನ್ನ ಹೆಸರ ಹಾಕು. ಆದ್ರ ಸಣ್ಣ ಅಕ್ಷರದಾಗ."

"ಇಲ್ರಿ ಕಾಕಾ," ಎಂದೆ. "ಬಟನ್ನಿನ ಮ್ಯಾಲಿನ ಅಕ್ಷರ ಎಷ್ಟು ದೊಡ್ಡವು ಅದಾವೋ, ಅಷ್ಟ ದೊಡ್ಡವು."

ಅವರು ಫೋನ್ ಇಟ್ಟುಬಿಟ್ಟರು.

ಸರ್ ಮೌಸಿನಿಂದ ಕೈ ತೆಗೆದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ನನ್ನ ಹೆಸರನ್ನು ಅಳಿಸಿ 'ದೊಡ್ಡಬಸಪ್ಪ' ಎಂದು ಬರೆದೆ, ಅಕ್ಷರದ ಅಳತೆಯನ್ನು ಬಟನ್ನಿನ ಅಳತೆಗೆ ಸರಿಯಾಗಿ ಇಟ್ಟೆ. ಸಾಲು ಪರದೆಯ ಅಂಚಿಗೆ ತಾಗಿತು. ಹೆಸರನ್ನು ಕಿರಿದು ಮಾಡಲಿಲ್ಲ. ಪರದೆಯಲ್ಲಿದ್ದ ಉಳಿದದ್ದನ್ನೇ ಸ್ವಲ್ಪ ಸರಿಸಿ ಜಾಗ ಮಾಡಿದೆ.